ಭೂತದ ಚಿತ್ರವೂ ವಿವೇಕದ ಕತ್ತರಿಯೂ

ಭಯವು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಭಾವ. ಭಯವನ್ನು ದೂರದಲ್ಲಿರಿಸಿ ನೋಡಿ ಆನಂದಪಡುವುದು ಕಲೆಯಿಂದ ಬಂದ ಸಂಸ್ಕಾರ. ಕತ್ತಲೆಯಲ್ಲಿ ಹಿತ್ತಲಿಗೆ ಹೋಗಲಂಜುವ ಬಾಲಕನೇ ಅಜ್ಜಿಯ ಮಗ್ಗುಲಲ್ಲಿ ಕುಳಿತು ರಾಕ್ಷಸನ ಕಥೆಯನ್ನು ಮತ್ತೊಮ್ಮೆ ಹೇಳೆಂದು ಕಾಡುತ್ತಾನೆ. ಮಾನವಸ್ವಭಾವದ ಈ ವೈಚಿತ್ರ್ಯವನ್ನು ಬಲ್ಲವರಾದುದರಿಂದಲೇ ಪ್ರಾಚೀನ ಲಾಕ್ಷಣಿಕರು ಭಯಾನಕವನ್ನು ಹೊರಗಿರಿಸದೆ ಶೃಂಗಾರ, ವೀರಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದರು.

ಇಂದು ಈ ರಸವು ಅನಿರೀಕ್ಷಿತವಾದ ಬಾಗಿಲೊಂದರಿಂದ ಶಾಲೆಯನ್ನು ಪ್ರವೇಶಿಸಿದೆ. ಹಿಂದೆ ಚಲನಚಿತ್ರ ತೆಗೆಯುವುದೆಂದರೆ ಧನಿಕರ ಮಾತು, ಮದರಾಸು ಬೆಂಗಳೂರುಗಳ ಮಾತು. ಇಂದು ಅಂಗೈಯಗಲದ ಮೊಬೈಲೇ ಕ್ಯಾಮೆರಾ, ಅದೇ ಸಂಕಲನದ ಮೇಜು, ಅದೇ ಚಿತ್ರಮಂದಿರ. ಒಂದು ನಿಮಿಷದ ಜಾಹೀರಾತು ಚಿತ್ರ ಮಾಡಿರೆಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಹಳೆಯ ಕಾಲದ ದೆವ್ವದ ಚಿತ್ರದ ಮಾದರಿಯಲ್ಲಿ ಮಾಡುತ್ತೇವೆನ್ನುವ ಉತ್ಸಾಹಿಗಳು ಅವರಲ್ಲಿ ಇದ್ದೇ ಇರುತ್ತಾರೆ. ಕಪ್ಪು ಬಿಳುಪಿನ ಚಿತ್ರ, ಗೀರುಬಿದ್ದ ಪರದೆ, ಗೊರಗೊರ ಧ್ವನಿ, ಕಿರುಗುಟ್ಟುವ ಬಾಗಿಲು, ಕಟ್ಟಕಡೆಗೆ ಮಾರಬೇಕಾದ ಸರಕಿನ ಹೆಸರು.

ಈ ಮಾತು ಬಂದೊಡನೆ ಅಧ್ಯಾಪಕರ ಕೊಠಡಿಯಲ್ಲಿ ಎರಡು ಪಕ್ಷಗಳು ಏಳುವುದು ಸಹಜ. ಶರಣರ ಹೆಸರು ಹೇಳುವ ಮಠದ ಶಾಲೆಯಲ್ಲಿ ದೆವ್ವದ ಚಿತ್ರವೇ ಎಂಬುದು ಒಂದು ಪಕ್ಷ. ಅದು ಮಕ್ಕಳಾಟ, ಅಷ್ಟಕ್ಕೇ ಗಾಬರಿಯೇಕೆ ಎಂಬುದು ಇನ್ನೊಂದು. ಎರಡೂ ಪಕ್ಷಗಳು ಅರ್ಧದಾರಿಯಲ್ಲಿ ನಿಂತಿವೆ. ದೆವ್ವದ ಚಿತ್ರವನ್ನು ನಿಷೇಧಿಸುವುದರಿಂದ ಮಕ್ಕಳು ಅದನ್ನು ನೋಡುವುದು ತಪ್ಪುವುದಿಲ್ಲ. ಮಾಡುವುದು ಮಾತ್ರ ತಪ್ಪುತ್ತದೆ. ಮಾಡಿದವನಿಗಾದರೋ ಅದರ ಒಳಗುಟ್ಟು ತಿಳಿಯುತ್ತದೆ. ಇತ್ತ, ಮಕ್ಕಳಾಟವೆಂದು ಕೈಬಿಟ್ಟರೆ ಆ ಒಳಗುಟ್ಟನ್ನು ಯಾವುದಕ್ಕೆ ಬಳಸಬೇಕೆಂಬ ವಿವೇಕ ತಾನಾಗಿ ಬರುವುದಿಲ್ಲ. ಪಾಠವಿರುವುದು ಚಿತ್ರ ತೆಗೆಯುವಲ್ಲಿ ಅಲ್ಲ, ತೆಗೆದುದನ್ನು ಕತ್ತರಿಸಿ ಜೋಡಿಸುವಲ್ಲಿ. ಅಧ್ಯಾಪಕನು ವಿದ್ಯಾರ್ಥಿಯ ಮಗ್ಗುಲಲ್ಲಿ ಕುಳಿತುಕೊಳ್ಳಬೇಕಾದ ಸ್ಥಳ ಅದೇ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ತಾವರಗೇರಾದಂಥ ಊರಿನ ಪ್ರೌಢಶಾಲೆಯ ನಾಲ್ವರು ಮಕ್ಕಳು ಈ ಭಾಗದ ಜನ ‘ಬ್ಯಾಟರಿ’ ಎಂದು ಕರೆಯುವ ಕೈದೀಪದ ಜಾಹೀರಾತನ್ನು ಮಾಡಹೊರಟರೆನ್ನಿ. ಕಥೆ ಸರಳ. ಸಂಜೆ ಕರೆಂಟು ಹೋಗಿದೆ. ಬಾಲಕನೊಬ್ಬ ತಪ್ಪಿಸಿಕೊಂಡ ಆಡಿನ ಮರಿಯನ್ನು ಹುಡುಕುತ್ತ ಪಾಳುಮನೆಯ ಹಿತ್ತಲಿಗೆ ಬರುತ್ತಾನೆ. ಬೇವಿನ ಮರದ ಕೆಳಗೆ ಬಿಳಿಯದೇನೋ ಅಲುಗಾಡುತ್ತದೆ. ಗೂಗೆಯ ಕೂಗು ಕೇಳುತ್ತದೆ. ಬಾಲಕನ ಕಣ್ಣು ಅರಳುತ್ತದೆ, ಕೈ ನಡುಗುತ್ತದೆ. ಆ ನಡುಗುವ ಕೈಯಿಂದಲೇ ಬ್ಯಾಟರಿ ಹೊತ್ತಿಸುತ್ತಾನೆ. ಆಮೇಲೇನು? ಬೆಳಕು ಬಿದ್ದೊಡನೆ ದೆವ್ವ ಚೀರಿ ಮಾಯವಾಯಿತೆಂದು ಜೋಡಿಸಬಹುದು; ಬೆಳಕು ಬಿದ್ದೊಡನೆ ಅದು ಹಗ್ಗದ ಮೇಲೆ ಒಣಹಾಕಿದ ಧೋತರವೆಂದು ತಿಳಿಯಿತೆಂದೂ ಜೋಡಿಸಬಹುದು. ಬಾಲಕ ಅವನೇ, ಮರ ಅದೇ, ಬ್ಯಾಟರಿ ಅದೇ. ಮಾರಾಟವೂ ಎರಡರಿಂದಲೂ ಆದೀತು. ಆದರೆ ಮೊದಲನೆಯದು ದೆವ್ವ ಉಂಟೆಂದು ಸಾರಿತು, ಎರಡನೆಯದು ಇಲ್ಲವೆಂದು ತೋರಿಸಿತು. ಇಷ್ಟು ದೊಡ್ಡ ಅಂತರವನ್ನುಂಟುಮಾಡಿದುದು ಎರಡೇ ಸೆಕೆಂಡುಗಳ ಒಂದು ಚಿತ್ರಿಕೆ.

ಜೋಡಣೆಯ ಈ ಶಕ್ತಿಯನ್ನು ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವನು 1920ರ ಆಸುಪಾಸಿನಲ್ಲಿ ಪ್ರಯೋಗಮಾಡಿ ತೋರಿಸಿದನೆಂದು ಚಲನಚಿತ್ರದ ಇತಿಹಾಸ ಹೇಳುತ್ತದೆ. ನಟನೊಬ್ಬನ ನಿರ್ವಿಕಾರವಾದ ಮುಖದ ಚಿತ್ರಿಕೆಯೊಂದನ್ನೇ ಒಮ್ಮೆ ಊಟದ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಹೆಣ್ಣಿನ ಚಿತ್ರದೊಡನೆ ಜೋಡಿಸಿದಾಗ, ನೋಡಿದವರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಬಯಕೆಯನ್ನೂ ಕಂಡರಂತೆ. ಶಬ್ದಶಾಸ್ತ್ರವನ್ನೋದಿದವರಿಗೆ ಇದು ಹೊಸದಾಗಿ ತೋರದು. ಪದಗಳು ಬಿಡಿಬಿಡಿಯಾಗಿದ್ದಾಗ ವಾಕ್ಯಾರ್ಥವಿಲ್ಲ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಿದರೆ ಮಾತ್ರ ಅರ್ಥ. ಚಿತ್ರಿಕೆಗಳಿಗೂ ಇದೇ ನ್ಯಾಯ. ಅರಳಿದ ಕಣ್ಣನ್ನು ತೋರಿಸಿದರೆ ಏನನ್ನು ಕಂಡನೆಂಬ ಆಕಾಂಕ್ಷೆ ಹುಟ್ಟುತ್ತದೆ. ಅದಕ್ಕೆ ಉತ್ತರವಾಗುವ ಚಿತ್ರಿಕೆ ಒಡನೆಯೇ ಬಂದರೆ ಸನ್ನಿಧಿ. ಆ ಉತ್ತರ ಕಣ್ಣಿಗೆ ತಕ್ಕುದಾಗಿದ್ದರೆ ಯೋಗ್ಯತೆ. ಬೆಂಕಿಯಿಂದ ನೆನೆಸಿದನೆಂಬ ವಾಕ್ಯವನ್ನು ಯೋಗ್ಯತೆಯಿಲ್ಲದ್ದೆಂದು ಶಾಸ್ತ್ರಕಾರರು ತಳ್ಳಿಹಾಕುವಂತೆ, ಬ್ಯಾಟರಿಯಿಂದ ದೆವ್ವ ಓಡಿತೆಂಬ ಜೋಡಣೆಯನ್ನು ತಳ್ಳಿಹಾಕುವ ಬುದ್ಧಿ ವಿದ್ಯಾರ್ಥಿಗೆ ಬಂದರೆ, ವ್ಯಾಕರಣದ ಒಂದು ಪಾಠ ಕರಿಹಲಗೆಯಿಂದ ಬದುಕಿಗಿಳಿಯಿತೆನ್ನಬಹುದು.

ಇನ್ನು ಹಳೆಯ ಶೈಲಿಯ ಮಾತು. ಹಳೆಯ ಚಿತ್ರಗಳ ಗೀರುಗಳು ಯಾರೂ ಬಯಸಿ ಹಾಕಿದವಲ್ಲ. ಫಿಲಂ ಸುರುಳಿ ಯಂತ್ರದಲ್ಲಿ ಹಾಯ್ದು ಹಾಯ್ದು ಸವೆದುದರ ಗುರುತು. ಮೂಕಿಚಿತ್ರಗಳ ಓಟ ಕುಲುಕಾಡುವುದಕ್ಕೆ ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುವುತ್ತಿದ್ದುದು ಒಂದು ಕಾರಣ. ಮಾತಿನ ಚಿತ್ರ ಬಂದ ಮೇಲೆ ಸೆಕೆಂಡಿಗೆ 24 ಚಿತ್ರಗಳೆಂಬ ವೇಗ ನೆಲೆಗೊಂಡಿತು. ಇಂದು ಗೀರು, ಕುಲುಕಾಟ, ಮಸುಕು ಎಲ್ಲವೂ ಮೊಬೈಲಿನಲ್ಲಿ ಬೆರಳೊತ್ತಿದರೆ ಬರುತ್ತವೆ. ಆದರೆ ಬರವಣಿಗೆಯಲ್ಲಿ ಅಲ್ಲಲ್ಲಿ ಱಕಾರ ೞಕಾರಗಳನ್ನು ಸೇರಿಸಿದ ಮಾತ್ರಕ್ಕೆ ಅದು ಹಳಗನ್ನಡವಾಗದು. ಸಲ್ಲದ ಕಡೆ ೞಕಾರ ಬಂದರೆ ಬಲ್ಲವರು ನಗುವರು. ಹಳಗನ್ನಡದ ಜೀವ ಅದರ ಬಂಧದಲ್ಲಿದೆ. ಹಾಗೆಯೇ ಹಳೆಯ ಭಯಾನಕ ಚಿತ್ರದ ಜೀವ ಗೀರಿನಲ್ಲಿಲ್ಲ. ನಿಧಾನದಲ್ಲಿದೆ, ಕಾಯಿಸುವುದರಲ್ಲಿದೆ, ತೋರಿಸದೆ ಉಳಿಸಿದುದರಲ್ಲಿದೆ. 1922ರಲ್ಲಿ ಜರ್ಮನಿಯಲ್ಲಿ ತೆರೆಕಂಡ ‘ನೊಸ್ಫೆರಾತು’ ಎಂಬ ಮೂಕಿಚಿತ್ರದಲ್ಲಿ ಪಿಶಾಚಿಯ ನೆರಳು ಮಾತ್ರ ಮೆಟ್ಟಿಲೇರಿ ಹೋಗುವ ದೃಶ್ಯವನ್ನು ನೂರು ವರ್ಷಗಳ ಮೇಲೂ ಜನ ನೆನೆಯುತ್ತಾರೆ. ಕನ್ನಡದಲ್ಲಿ ಅನಂತನಾಗ್, ಲಕ್ಷ್ಮೀ ಅವರು ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದ ಹೆಸರನ್ನೆತ್ತಿದರೆ ಅಂದು ಚಿತ್ರಮಂದಿರದಲ್ಲಿ ಬೆವೆತವರು ಇಂದಿಗೂ ಮುಗುಳ್ನಗುತ್ತಾರೆ.

ನೆರಳಿನ ಈ ವಿದ್ಯೆಯನ್ನು ಕಲಿಯಲು ಕೊಪ್ಪಳ ಜಿಲ್ಲೆಯ ಮಕ್ಕಳು ಜರ್ಮನಿಗೆ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆಯಾಟದಲ್ಲಿ ಬಾಳನ್ನೇ ಸವೆಸಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಹದಮಾಡಿದ ತೊಗಲಿನಲ್ಲಿ ಕೊರೆದು ಬಣ್ಣವಿಟ್ಟ ಗೊಂಬೆ. ಗೊಂಬೆಯನ್ನು ಪರದೆಗೊತ್ತಿದರೆ ಆಕೃತಿ ಸ್ಫುಟ. ಹಿಂದಕ್ಕೆಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ರಾವಣನು ಬರುವಾಗ ತಾಯಿಯ ಸೆರಗಿಗೆ ಸರಿಯುವ ಮಗು ಮರುಗಳಿಗೆಯಲ್ಲಿ ಕಿಳ್ಳೇಕ್ಯಾತನ ಗೊಂಬೆ ಕುಣಿಯುತ್ತ ಬಂದರೆ ಬಿದ್ದುಬಿದ್ದು ನಗುತ್ತದೆ. ಹೆದರಿಸಿದ ಮೇಲೆ ನಗಿಸಿ ಮನೆಗೆ ಕಳುಹಿಸಬೇಕೆಂಬುದು ಆ ಕಲಾವಿದರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಮರ್ಯಾದೆ. ಹಳೆಯ ದೆವ್ವದ ಚಿತ್ರದ ಮಾದರಿಯ ಜಾಹೀರಾತಿನ ಕಟ್ಟಡವೂ ಇದೇ: ಅಂಜಿಕೆಯಿಂದ ಆರಂಭ, ನಗೆಯಲ್ಲಿ ಮುಕ್ತಾಯ. ಭರತನು ಭಯಾನಕಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿ, ಹಾಸ್ಯಕ್ಕೆ ಬಿಳಿಯ ಬಣ್ಣವನ್ನೂ ಪ್ರಮಥರನ್ನೂ ಹೇಳಿದ್ದಾನೆ. ಕಾಲನ ಕಪ್ಪಿನಿಂದ ಪ್ರಮಥರ ಬಿಳುಪಿಗೆ ಕರೆತರುವ ಚಿತ್ರವಾದರೆ ಮಠದ ಶಾಲೆ ಅದಕ್ಕೆ ಬಾಗಿಲು ಮುಚ್ಚಬೇಕಾದುದೇನು?

ನಾಟ್ಯಶಾಸ್ತ್ರದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಶೂನ್ಯಗೃಹ, ಅರಣ್ಯ, ನರಿ ಗೂಗೆಗಳ ಕೂಗು ಇವುಗಳಿಂದ ಭಯಾನಕ ಹುಟ್ಟುವುದೆಂದೂ ಕೈಕಾಲುಗಳ ನಡುಕ, ರೋಮಾಂಚ, ಮುಖದ ಬಣ್ಣಗೇಡು, ಸ್ವರಭೇದ ಇವು ಅದರ ಅನುಭಾವಗಳೆಂದೂ ಹೇಳುವ ಭರತನು, ಸ್ವಭಾವಜವಾದ ಭಯವನ್ನೂ ಕೃತಕವಾದ ಭಯವನ್ನೂ ಬೇರ್ಪಡಿಸಿ, ಕೃತಕವಾದುದನ್ನು ಮೃದುವಾದ ಚೇಷ್ಟೆಗಳಿಂದ ಅಭಿನಯಿಸಬೇಕೆನ್ನುತ್ತಾನೆ. ಜಾಹೀರಾತಿನ ಭಯ ಕೃತಕವಾದುದು. ಅಲ್ಲಿ ರಕ್ತವನ್ನು ಹರಿಸುವುದಾಗಲಿ ನಿಮಿಷವಿಡೀ ಚೀರಿಸುವುದಾಗಲಿ ರಸಕ್ಕೆ ಭಂಗ. ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ, ಮರುಳುಗಳ ನಡುವೆ ನಡೆಸಿದುದು ಬರಿದೆ ಹೆದರಿಸುವುದಕ್ಕಲ್ಲ, ದ್ರೋಣನ, ದುಶ್ಶಾಸನನ, ಕರ್ಣನ ಕಳೇಬರಗಳ ಮುಂದೆ ಅವನನ್ನು ನಿಲ್ಲಿಸಿ ಅಳಿಸುವುದಕ್ಕೆ. ಮಹಾಕವಿಯ ಕೈಯಲ್ಲಿ ಭಯಾನಕವು ಕರುಣಕ್ಕೆ ದಾರಿಯಾಯಿತು. ಬಾಲಕರ ಒಂದು ನಿಮಿಷದ ಚಿತ್ರದಲ್ಲಿ ಅದು ನಗೆಗಾದರೂ ತಿಳಿವಿಗಾದರೂ ದಾರಿಯಾದರೆ ಸಾಕು.

ಧ್ವನಿಯ ಜೋಡಣೆಗೂ ಕಾವ್ಯಾಭ್ಯಾಸ ನೆರವಾದೀತು. ಯತಿಯನ್ನು ಮೀರಿ, ಒಂದು ಪಾದದ ಮಾತನ್ನು ಮುಂದಿನ ಪಾದಕ್ಕೆ ಹರಿಯಗೊಡುವ ಸ್ವಾತಂತ್ರ್ಯವನ್ನು ಕನ್ನಡದ ಕವಿಗಳು ಬಹುಕಾಲದಿಂದ ವಹಿಸಿಕೊಂಡಿದ್ದಾರೆ. ಸಂಕಲನದಲ್ಲಿಯೂ ಹಾಗೆಯೇ, ಗೂಗೆಯ ಕೂಗು ಗೂಗೆಯ ಚಿತ್ರಿಕೆಯೊಡನೆಯೇ ಆರಂಭವಾಗಬೇಕಾಗಿಲ್ಲ. ಬಾಲಕನ ಮುಖ ಕಾಣುತ್ತಿರುವಾಗಲೇ ಕೇಳಿಬಂದರೆ ನೋಡುವವನ ಮೈ ಜುಮ್ಮೆನ್ನುತ್ತದೆ. ಸೆಕೆಂಡಿಗೆ 24ರ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 1440 ಚಿತ್ರಗಳು. ಪ್ರತಿಯೊಂದೂ ಅಲ್ಲಿರುವುದಕ್ಕೆ ಕಾರಣವಿದೆಯೇ ಎಂದು ಕೇಳುವ ವಿದ್ಯಾರ್ಥಿ, ಮುಂದೆ ತನ್ನ ಪ್ರಬಂಧದ ಪ್ರತಿಯೊಂದು ಪದವನ್ನೂ ಹಾಗೆಯೇ ಕೇಳುವನು.

ಇಷ್ಟೆಲ್ಲ ಕಲೆಯ ಮಾತಾಯಿತು. ಆದರೆ ಕತ್ತರಿಯ ಪ್ರಶ್ನೆ ಕಲೆಗಷ್ಟೇ ಸೇರಿದುದಲ್ಲವೆಂಬುದಕ್ಕೆ ಈಚಿನ ವರ್ಷಗಳ ಒಂದು ದಾರುಣ ಪ್ರಸಂಗ ಸಾಕ್ಷಿ. ಬೀದಿಯ ಮಕ್ಕಳ ಮೇಲೆ ಕಣ್ಣಿಡಿರೆಂದು ಪಾಲಕರನ್ನು ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ಒಂದು ಪ್ರಚಾರಚಿತ್ರವನ್ನು ಮಾಡಿದ್ದರು. ಮೋಟಾರುಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಗೆ ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಒಂದು ಕ್ಷಣ ಸಾಕೆಂಬ ಅರ್ಥದ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಉಳಿದ ತುಣುಕು ನಿಜವಾದ ಅಪಹರಣವೆಂಬಂತೆ ಭಾರತದ ಮೊಬೈಲುಗಳಲ್ಲಿ ಹರಿದಾಡಿತು. ಮಕ್ಕಳಕಳ್ಳರ ವದಂತಿಯಿಂದ 2018ರಲ್ಲಿ ದೇಶದ ನಾನಾ ಕಡೆ ನಿರಪರಾಧಿಗಳು ಗುಂಪಿನ ಕೈಗೆ ಸಿಕ್ಕಿ ಸತ್ತರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ತರುಣನೊಬ್ಬನನ್ನು ಬಡಿದು ಕೊಂದರು. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯ ಬಳಿ, ಮಕ್ಕಳಿಗೆ ಚಾಕಲೇಟು ಕೊಟ್ಟುದೇ ಅಪರಾಧವಾಗಿ, ಹೈದರಾಬಾದಿನ ಕಡೆಯಿಂದ ಬಂದಿದ್ದ ಮಿತ್ರರ ಮೇಲೆ ಜನ ಮುಗಿಬಿದ್ದು ತರುಣ ಇಂಜಿನಿಯರೊಬ್ಬನ ಪ್ರಾಣ ಹೋಯಿತು. ಆ ಪ್ರಚಾರಚಿತ್ರವನ್ನು ಮಾಡಿದವರ ಉದ್ದೇಶ ಒಳ್ಳೆಯದಿತ್ತು. ಆದರೆ ಭಯವೆಲ್ಲ ಮೊದಲಿಗೆ, ಸತ್ಯವೆಲ್ಲ ಬಾಲಕ್ಕೆ ಎಂಬ ಕಟ್ಟಡವಿದ್ದುದರಿಂದ ಬಾಲವನ್ನು ಕತ್ತರಿಸುವುದು ದುರುಳರಿಗೆ ಸುಲಭವಾಯಿತು.

ಹಾಗಿರಲು, ಹೆದರಿಸುವ ಜಾಹೀರಾತನ್ನು ಮಾಡುವ ವಿದ್ಯಾರ್ಥಿಗೆ ಹೇಳಿಕೊಡಬೇಕಾದ ಮೊದಲ ನಿಯಮವೆಂದರೆ ಸತ್ಯವನ್ನು ಕೊನೆಯಲ್ಲಿ ಅಂಟಿಸದೆ ಮೊದಲಿನಿಂದಲೇ ಹೆಣೆಯುವುದು. ನಾಟಕಕಾರನು ಮುಖಸಂಧಿಯಲ್ಲಿ ಬೀಜವನ್ನು ಬಿತ್ತಿ ನಿರ್ವಹಣಸಂಧಿಯಲ್ಲಿ ಫಲವನ್ನು ಕೊಯ್ಯುತ್ತಾನೆ. ಬ್ಯಾಟರಿಯ ಚಿತ್ರದಲ್ಲಿ ಬೀಜವೆಂದರೆ ಒಣಹಾಕುವ ಹಗ್ಗ. ಮೊದಲ ಚಿತ್ರಿಕೆಯಲ್ಲಿಯೇ, ಇನ್ನೂ ಬೆಳಕಿರುವಾಗ, ಹಿತ್ತಲಿನ ಹಗ್ಗವೂ ಅದರ ಮೇಲೆ ಧೋತರ ಹರವುವ ಕೈಯೂ ಒಮ್ಮೆ ಕಂಡುಹೋಗಲಿ. ಕಂಡವನು ಮರೆಯುತ್ತಾನೆ, ಹೆದರುತ್ತಾನೆ, ಕಡೆಗೆ ನೆನೆದು ನಗುತ್ತಾನೆ. ನಡುವಿನ ಚಿತ್ರಿಕೆಗಳ ಅಂಚಿನಲ್ಲಿಯೂ ಆ ಹಗ್ಗ ಇಣುಕುತ್ತಿರಲಿ. ಇದು ನಟನೆಯೆಂಬ ಒಂದು ಸಾಲೂ ಶಾಲೆಯ ಹೆಸರೂ ಚಿತ್ರದ ಮೂಲೆಯಲ್ಲಿ ಆದ್ಯಂತ ಇರಲಿ. ಆಗ ಯಾವ ತುಣುಕನ್ನು ಯಾರು ಕತ್ತರಿಸಿಕೊಂಡರೂ ಸತ್ಯ ಅದರೊಡನೆಯೇ ಹೋಗುತ್ತದೆ.

ಎರಡನೆಯ ನಿಯಮ ಹೆಣ್ಣಿನ ಮರ್ಯಾದೆಗೆ ಸಂಬಂಧಿಸಿದುದು. ಹಳೆಯ ಚಿತ್ರಗಳಲ್ಲಿ ದೆವ್ವವೆಂದರೆ ಬಿಳಿಯ ಸೀರೆಯುಟ್ಟು ತಲೆಗೂದಲು ಬಿಚ್ಚಿದ ಹೆಂಗಸು. ಆ ಬಿಳಿಯ ಸೀರೆ ಎಲ್ಲಿಂದ ಬಂತೆಂದು ಯೋಚಿಸಿದವರು ಕಡಮೆ. ಗಂಡನನ್ನು ಕಳೆದುಕೊಂಡವಳಿಗೆ ಸಮಾಜವು ಉಡಿಸಿದ ಉಡುಗೆ ಅದು. ಬದುಕಿರುವಾಗ ಶುಭಕಾರ್ಯದಿಂದ ದೂರವಿರಿಸಿದವಳನ್ನೇ ಪರದೆಯ ಮೇಲೆ ದೆವ್ವವಾಗಿ ನಿಲ್ಲಿಸಿ ನಗುವುದು ಎರಡು ಸಲ ಮಾಡಿದ ಅನ್ಯಾಯ. ಚಿತ್ರ ನೋಡಿ ಬಂದ ಚಿಕ್ಕ ಹುಡುಗ ಓಣಿಯ ಮೂಲೆಮನೆಯ ಒಂಟಿ ಅಜ್ಜಿಯನ್ನು ಮರುದಿನ ಯಾವ ಕಣ್ಣಿನಿಂದ ನೋಡುತ್ತಾನೆ? ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಗೌರವದಿಂದ ಬರಮಾಡಿಕೊಂಡ ಪರಂಪರೆಯ ಶಾಲೆಯಲ್ಲಿ ಈ ವೇಷಕ್ಕೆ ಮುಲಾಜಿಲ್ಲದೆ ಕತ್ತರಿ ಬೀಳಬೇಕು. ಹಗ್ಗದ ಮೇಲಿನ ಧೋತರಕ್ಕಾದರೋ ಯಾರ ಅವಮಾನವೂ ಇಲ್ಲ. ಅಲ್ಲಿ ನಗೆಗೀಡಾಗುವುದು ಬಾಲಕನ ಭ್ರಮೆ ಮಾತ್ರ.

ಮೂರನೆಯದು ಸ್ಥಳದ ಮಾತು. ಭಯಾನಕವೆಂದೊಡನೆ ಮಕ್ಕಳ ಮನಸ್ಸು ರುದ್ರಭೂಮಿಗೆ ಓಡುತ್ತದೆ. ಲಿಂಗವಂತರಿಗೆ ಮರಣವು ಲಿಂಗೈಕ್ಯ. ಗದ್ದುಗೆ ಸಮಾಧಿಗಳು ತಲೆಬಾಗುವ ಸ್ಥಳಗಳು. ಕಾಯಕದಲ್ಲಿ ಬಾಳಿ ಮಣ್ಣಿನಲ್ಲಿ ಮಲಗಿದವರು ದೆವ್ವವಾಗಿ ಅಲೆಯುತ್ತಾರೆಂಬುದು ಶರಣತತ್ತ್ವಕ್ಕೆ ಹೊರಗು. ಮಾರಿ ಮಸಣಿಗಳೆಂದು ಹೆದರಿಸಿ ಬಾಳುವವರನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ನಿಷ್ಠುರವಾಗಿ ವಿಡಂಬಿಸಿದರು. ಅದೇ ಕೆಲಸವನ್ನು ವಿಜ್ಞಾನದ ಮಾತಿನಲ್ಲಿ ಮುಂದುವರಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದರು. ಆದರೂ 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಬಂದು ಕರೆಯುವ ದೆವ್ವ ಅದನ್ನೋದಿ ಹಿಂದಿರುಗುವುದೆಂದು ಜನ ನಂಬಿದ್ದರು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹಿಂಸಿಸುವುದನ್ನು ತಡೆಯಲು ರಾಜ್ಯವು 2017ರಲ್ಲಿ ಕಾಯಿದೆ ರೂಪಿಸಿ 2020ರಲ್ಲಿ ಜಾರಿಗೆ ತರಬೇಕಾಯಿತು. ‘ನಾಳೆ ಬಾ’ ಎಂಬ ಎರಡೇ ಮಾತು ಕ್ಯಾಮೆರಾದ ನೆರವಿಲ್ಲದೆ ಇಷ್ಟು ಮನೆಗಳನ್ನು ಹೆದರಿಸಿತೆಂದರೆ, ಚಾಕಚಕ್ಯದಿಂದ ಜೋಡಿಸಿದ ಒಂದು ನಿಮಿಷದ ಚಿತ್ರ ಏನು ಮಾಡಲಾರದು?

ಹಾಗಾದರೆ ಭಯವೆಲ್ಲ ಸುಳ್ಳೇ? ಅಲ್ಲ. ಭಯಪಡಬೇಕಾದುದಕ್ಕೆ ಭಯಪಡುವುದೂ ಒಂದು ವಿವೇಕ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಲೇಸು, ಬೇರೆ ನೀರಿಲ್ಲದಾಗ ಹೆಚ್ಚೆಂದರೆ 1.5 ಎಂಬುದು ಭಾರತೀಯ ಮಾನಕ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದುಕಲೆಯಾಗಿ ಕಾಣಿಸಿಕೊಂಡು, ವರ್ಷಗಳು ಕಳೆದಂತೆ ಎಲುಬು ಕೀಲುಗಳನ್ನು ಬಿಗಿದು ಬಾಗಿಸುವ ಈ ಕಾಣದ ಭೂತಕ್ಕಿಂತ ಭಯಂಕರವಾದುದನ್ನು ಯಾವ ಚಿತ್ರಕಾರ ಕಲ್ಪಿಸಿಯಾನು? ಕಪ್ಪು ಬಿಳುಪಿನ ಪರದೆ, ಕತ್ತಲೆಯಲ್ಲಿ ತೊಟ್ಟಿಕ್ಕುವ ನಲ್ಲಿಯ ಸದ್ದು, ಗ್ಲಾಸು ಎತ್ತುವ ಪುಟ್ಟ ಕೈ, ತಡೆಯುವ ಅಜ್ಜನ ಕೀಲುಬಿಗಿದ ಕೈ, ಬಳಿಕ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಬೆಳಕು. ಬ್ಯಾಟರಿಯ ಚಿತ್ರದಲ್ಲಿ ಕಲಿತ ಕತ್ತರಿಯನ್ನು ಮಕ್ಕಳು ಎರಡನೆಯ ಸಲ ಇಂಥ ಜಾಹೀರಾತಿಗೆ ಹಿಡಿದರೆ ಕಲಿತ ವಿದ್ಯೆ ಊರಿನ ಋಣವನ್ನು ತೀರಿಸಿದಂತಾಗುವುದು.

ಮಠಗಳು ಈ ನಾಡಿನಲ್ಲಿ ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ನಡೆಸಿದುದು ಓದು ಬಾರದವನನ್ನು ಓದು ಬಂದವನು ವಂಚಿಸಬಾರದೆಂಬ ಕಾಳಜಿಯಿಂದ. ಇಂದು ಚಿತ್ರವೂ ಒಂದು ಲಿಪಿ. ಅದನ್ನು ಬರೆಯಲು ಬಾರದವನು ಅದನ್ನು ಬರೆಯಬಲ್ಲವನ ವಂಚನೆಗೆ ಸುಲಭದ ತುತ್ತು. ದಾನಿಗಳು ಶಾಲೆಗೆ ಗಣಕಯಂತ್ರವನ್ನೋ ಕ್ಯಾಮೆರಾವನ್ನೋ ಕೊಡುವಾಗ, ಅದರೊಡನೆ ಕೂತು ಕಲಿಸುವ ಅಧ್ಯಾಪಕನ ತರಬೇತಿಗೂ ಸ್ವಲ್ಪ ತೆಗೆದಿರಿಸಿದರೆ ದಾನ ಪೂರ್ಣವಾಗುವುದು. ಹಳೆಯ ವಿದ್ಯಾರ್ಥಿಗಳಲ್ಲಿ ಈ ವಿದ್ಯೆ ಬಲ್ಲವರು ಬೇಸಿಗೆಯ ರಜೆಯಲ್ಲಿ ಒಂದು ವಾರ ಬಂದು ಕಲಿಸಿದರೆ ಗುರುಋಣದ ಒಂದು ಪಾಲು ಸಂದಂತೆ. ಕನ್ನಡದ ಅಧ್ಯಾಪಕರೂ ‘ಇದು ನಮ್ಮ ವಿಷಯವಲ್ಲ’ ಎಂದು ಸರಿದು ನಿಲ್ಲಬೇಕಾಗಿಲ್ಲ. ಸಂಧಿ, ಅನ್ವಯ, ರಸ, ಔಚಿತ್ಯಗಳನ್ನು ಬಲ್ಲವನಿಗಿಂತ ಯೋಗ್ಯನಾದ ಸಂಕಲನದ ಗುರು ಯಾರು?

ದೆವ್ವವನ್ನು ಕೈಯಾರೆ ಕಟ್ಟಿ, ಕೈಯಾರೆ ಬಿಚ್ಚಿದ ಬಾಲಕನು ಮುಂದೆ ಯಾರು ಕಟ್ಟಿದ ದೆವ್ವಕ್ಕೂ ಸುಲಭವಾಗಿ ಅಂಜನು. ಮೊಬೈಲಿನಲ್ಲಿ ಬಂದ ತುಣುಕನ್ನು ಕಂಡೊಡನೆ ಕೋಲು ಹಿಡಿದು ಓಡದೆ, ಇದರ ಮೊದಲೇನು, ಇದರ ಕೊನೆಯೇನು, ಕತ್ತರಿಸಿದವರಾರು ಎಂದು ಕೇಳುವನು. ಆ ಪ್ರಶ್ನೆ ಕೇಳುವ ಒಬ್ಬನಾದರೂ ಆ ದಿನ ಮುರ್ಕಿಯ ಗುಂಪಿನ ಮುಂದೆ ಕೈಯೆತ್ತಿ ನಿಂತಿದ್ದರೆ, ಮತ್ತು ಅವನ ಮಾತನ್ನು ಜನ ಕೇಳಿದ್ದರೆ, ಒಂದು ತಾಯಿಯ ಮಗ ಮನೆಗೆ ಮರಳುತ್ತಿದ್ದ. ಅಂಥ ಒಬ್ಬೊಬ್ಬನನ್ನು ಪ್ರತಿ ವರ್ಷವೂ ಊರೂರಿಗೆ ಕಳುಹಿಸಿಕೊಡುವುದೇ ಶಾಲೆಯ ಕಾಯಕ. ಆ ಕಾಯಕಕ್ಕೆ ಕತ್ತರಿಯೂ ಒಂದು ಉಪಕರಣವಾಗಲಿ. ಅದನ್ನು ಹಿಡಿದ ಎಳೆಯ ಕೈಗೆ ಗುರುವಿನ ಕೈ ಆಸರೆಯಾಗಲಿ.